ಗಂಟೆಯಲ್ಲ, ಕೈಯಾರೆ ಮಾಡಿದ ಕೆಲಸ ಲೆಕ್ಕಕ್ಕೆ ಬರಲಿ: ಡಿಜಿಸಿಎಗೆ ವಿಮಾನ ನಿರ್ವಹಣಾ ಬೋಧಕರ ಬಹಿರಂಗ ಪತ್ರ

ಗೆ,
ಮಹಾನಿರ್ದೇಶಕರು,
ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ,
ಸಫ್ದರ್‌ಜಂಗ್ ವಿಮಾನ ನಿಲ್ದಾಣದ ಎದುರು, ನವದೆಹಲಿ

ವಿಷಯ: ಸಿಎಆರ್-147 ತರಬೇತಿ ಶಾಲೆಗಳ ನಿಯಮ ತಿದ್ದುವಾಗ ಪ್ರಾಕ್ಟಿಕಲ್ ತರಬೇತಿಯನ್ನು ಅಳೆಯುವ ಕ್ರಮ ಬದಲಿಸುವ ಕುರಿತು

ಮಾನ್ಯರೆ,

1934ರ ವಿಮಾನ ಕಾಯ್ದೆ ಹೋಗಿ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಮೂಲ ಕಾಯ್ದೆಯೇ ಬದಲಾದ ಮೇಲೆ ಅದರ ಕೆಳಗಿನ ನಿಯಮಗಳನ್ನು ಹೊಸ ಕಣ್ಣಿನಿಂದ ನೋಡಲು ಇದು ಸಕಾಲ. ಎಂಜಿನಿಯರ್ ಲೈಸೆನ್ಸಿನ ನಿಯಮವಾದ ನಮ್ಮ ಸಿಎಆರ್-66 ಮತ್ತು ತರಬೇತಿ ಶಾಲೆಗಳ ನಿಯಮವಾದ ಸಿಎಆರ್-147 ರೂಪುಗೊಂಡದ್ದು ಯುರೋಪಿನ ಪಾರ್ಟ್-66, ಪಾರ್ಟ್-147ರ ಮಾದರಿಯಲ್ಲಿ. ಆ ಯುರೋಪೇ 2023ರಲ್ಲಿ ತನ್ನ ಮೂಲ ಪಠ್ಯಕ್ರಮವನ್ನು ಪರಿಷ್ಕರಿಸಿತು. ಅಮೆರಿಕ ಅದಕ್ಕೂ ಒಂದು ವರ್ಷ ಮೊದಲೇ ತನ್ನ ಶಾಲೆಗಳ ನಿಯಮವನ್ನು ಬುಡದಿಂದ ಬದಲಿಸಿದೆ. ಇವೆರಡರ ಪ್ರಭಾವ ಇಂದಲ್ಲ ನಾಳೆ ಇಲ್ಲಿಗೂ ಬರುತ್ತದೆ. ಕರಡು ಸಿದ್ಧವಾಗುವ ಮೊದಲೇ ಹೇಳಬೇಕಾದ ಮಾತು ಇದು ಎಂದು ಈ ಪತ್ರ ಬರೆಯುತ್ತಿದ್ದೇವೆ. ನಾವು ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಶಾಲೆಗಳಲ್ಲಿ ಪಾಠ ಹೇಳುವವರು ಮತ್ತು ಲೈಸೆನ್ಸ್ ಪಡೆದು ಹ್ಯಾಂಗರಿನಲ್ಲಿ ಸಹಿ ಹಾಕುವವರು.

ನಮ್ಮದು ಒಂದೇ ಕೋರಿಕೆ. ವಿದ್ಯಾರ್ಥಿ ವರ್ಕ್‌ಶಾಪಿನಲ್ಲಿ ಎಷ್ಟು ಗಂಟೆ ಇದ್ದ ಎಂದು ಕೇಳುವ ಬದಲು, ಯಾವ ಕೆಲಸವನ್ನು ತನ್ನ ಕೈಯಾರೆ ಎಷ್ಟು ಸಲ ಮಾಡಿದ, ಅದನ್ನು ಯಾರು ಪರೀಕ್ಷಿಸಿದರು ಎಂದು ನಿಯಮ ಕೇಳಬೇಕು.

ಈಗಿನ ಲೆಕ್ಕ ನೋಡೋಣ. ಟರ್ಬೈನ್ ವಿಮಾನಗಳ ಬಿ1.1 ಬೇಸಿಕ್ ಕೋರ್ಸಿಗೆ 2400 ಗಂಟೆ. ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್) ವಿಭಾಗವಾದ ಬಿ2ಗೂ ಅಷ್ಟೇ. ಪಿಸ್ಟನ್ ವಿಮಾನಗಳ ಬಿ1.2ಕ್ಕೆ 2000. ಇದರಲ್ಲಿ ಥಿಯರಿ ಶೇ 50ರಿಂದ 60, ಉಳಿದದ್ದು ಪ್ರಾಕ್ಟಿಕಲ್. ಅಂದರೆ 2400 ಗಂಟೆಯ ಕೋರ್ಸಿನಲ್ಲಿ ಕನಿಷ್ಠ 960 ಗಂಟೆ ವರ್ಕ್‌ಶಾಪ್ ಮತ್ತು ಹ್ಯಾಂಗರಿಗೆ ಮೀಸಲು. ತರಗತಿಯಲ್ಲಿ 28 ಮಂದಿಗಿಂತ ಹೆಚ್ಚು ಕೂರಿಸುವಂತಿಲ್ಲ. ಪ್ರಾಕ್ಟಿಕಲ್‌ನಲ್ಲಿ ಒಬ್ಬ ಮೇಲ್ವಿಚಾರಕರಿಗೆ 15 ಮಂದಿಯ ಮಿತಿ. ಕಾಗದದಲ್ಲಿ ಇದರಲ್ಲೇನೂ ಕೊರತೆ ಕಾಣುವುದಿಲ್ಲ.

ಕೊರತೆ ಇರುವುದು ಎಂಜಿನ್ ಸ್ಟ್ಯಾಂಡಿನ ಮುಂದೆ. ಸ್ಟ್ಯಾಂಡ್ ಒಂದು, ನಿಂತವರು 15, ಅವಧಿ ಮೂರು ಗಂಟೆ. 180 ನಿಮಿಷವನ್ನು ಸಮನಾಗಿ ಹಂಚಿದರೆ ತಲೆಗೆ 12 ನಿಮಿಷ. ಶುರುವಿನ ಬ್ರೀಫಿಂಗ್, ಟೂಲ್ ಕೊಡುವುದು, ಕೊನೆಯಲ್ಲಿ ಎಣಿಸಿ ವಾಪಸ್ ಪಡೆಯುವುದು ಇವನ್ನೆಲ್ಲ ಕಳೆದರೆ ಹತ್ತು ನಿಮಿಷವೂ ಉಳಿಯದು. ಆದರೂ ಹದಿನೈದು ಲಾಗ್‌ಬುಕ್‌ಗಳಲ್ಲಿ ಬರುವ ನಮೂದು ಒಂದೇ: ‘ಫ್ಯುಯೆಲ್ ಪಂಪ್ ಬಿಚ್ಚಿ ಜೋಡಿಸುವುದು, 3 ಗಂಟೆ’. ಇದು ಕಳ್ಳ ಲೆಕ್ಕವಲ್ಲ, ನಿಯಮ ಒಪ್ಪುವ ಲೆಕ್ಕ. ಫೈಲಿಂಗ್, ಡ್ರಿಲ್ಲಿಂಗ್‌ನಂಥ ಬೆಂಚ್ ಕೆಲಸವನ್ನು ಎಲ್ಲರೂ ಒಟ್ಟಿಗೆ ಮಾಡುತ್ತಾರೆ, ಅಲ್ಲಿ ಈ ಸಮಸ್ಯೆ ಇಲ್ಲ. ಆದರೆ ಸಿಸ್ಟಂ ಕೆಲಸಗಳೆಲ್ಲ ಹೀಗೇ ನಡೆದರೆ 960 ಗಂಟೆಯಲ್ಲಿ ಒಬ್ಬನ ಕೈಗೆ ಸಿಗುವುದು 64 ಗಂಟೆಗೆ ಇಳಿಯುವ ಸಾಧ್ಯತೆಯೂ ಇದೆ. ಉಳಿದ ಹೊತ್ತೆಲ್ಲ ಇನ್ನೊಬ್ಬನ ಭುಜದ ಮೇಲಿಂದ ಇಣುಕುವುದೇ.

ಇಣುಕಿ ನೋಡಿ ಕಲಿಯಲಾಗದ ಕೆಲಸಗಳೇ ಈ ವೃತ್ತಿಯಲ್ಲಿ ಹೆಚ್ಚು. ಲಾಕ್‌ವೈರ್ (ಬೋಲ್ಟು ಸಡಿಲವಾಗದಂತೆ ಕಟ್ಟುವ ತಂತಿ) ಹಾಕುವುದನ್ನೇ ತೆಗೆದುಕೊಳ್ಳಿ. ತಲೆಯಲ್ಲಿ ರಂಧ್ರವಿರುವ ಎರಡು ಬೋಲ್ಟು, 0.032 ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ತಂತಿ, ಒಂದು ಟ್ವಿಸ್ಟರ್ ಇಕ್ಕಳ, ಇಷ್ಟೇ ಸಾಮಾನು. ಮೊದಲು ಎರಡೂ ಬೋಲ್ಟುಗಳನ್ನು ಹೇಳಿದ ಟಾರ್ಕ್‌ಗೆ ಬಿಗಿಯಬೇಕು. ತಂತಿ ಸರಿಯಾದ ದಿಕ್ಕಿನಲ್ಲಿ ಕೂರಲೆಂದು ರಂಧ್ರವನ್ನು ಹೊಂದಿಸಲು ಹೋಗಿ ಮಿತಿ ಮೀರಿ ಬಿಗಿಯಬಾರದು, ಸಡಿಲಿಸಲೂಬಾರದು. ಹೊಂದದಿದ್ದರೆ ವಾಷರ್ ಅಥವಾ ಬೋಲ್ಟ್ ಬದಲಿಸಬೇಕು. ಬೋಲ್ಟು ಸಡಿಲವಾಗಲು ಹೊರಟರೆ ತಂತಿ ಅದನ್ನು ಬಿಗಿಯುವ ದಿಕ್ಕಿಗೇ ಎಳೆಯುವ ಹಾಗೆ ಸುತ್ತಬೇಕು. ಬಲಕ್ಕೆ ತಿರುಗಿಸಿದರೆ ಬಿಗಿಯುವ (ಬಲಮರೆ) ಎರಡು ಬೋಲ್ಟುಗಳ ನಡುವೆ ತಂತಿ ಇಂಗ್ಲಿಷಿನ ‘ಎಸ್’ ಅಕ್ಷರದ ಆಕಾರದಲ್ಲಿ ಸಾಗುತ್ತದೆ. ಇಂಚಿಗೆ 6ರಿಂದ 8 ಸುತ್ತು. ಕೊನೆಯಲ್ಲಿ ಕಾಲು ಇಂಚಿನಿಂದ ಅರ್ಧ ಇಂಚಿನವರೆಗೆ ಬಾಲ ಬಿಟ್ಟು, ಯಾರ ಕೈಗೂ ಚುಚ್ಚದಂತೆ ಒಳಕ್ಕೆ ಮಡಿಸಬೇಕು.

ಹೊಸಬರು ಎಡವುವುದು ಎಲ್ಲಿ? ಇಕ್ಕಳದ ಹಲ್ಲು ತಂತಿಗೆ ಗಾಯ ಮಾಡುತ್ತದೆ. ಎಂಜಿನ್ನಿನ ಕಂಪನಕ್ಕೆ ಅದು ತುಂಡಾಗುವುದು ಆ ಗಾಯದಲ್ಲೇ. ಸುತ್ತು ಜಾಸ್ತಿಯಾದರೆ ತಂತಿ ಗಡಸಾಗಿ ಮುರಿಯುತ್ತದೆ, ಕಡಿಮೆಯಾದರೆ ಸಡಿಲವಾಗಿ ಉಜ್ಜುತ್ತದೆ. ಬೋಲ್ಟಿನ ತಲೆಯ ಸುತ್ತ ಹೋದ ಕುಣಿಕೆ ಮೇಲಕ್ಕೆ ಜಾರಿದರೆ ಇಡೀ ಕೆಲಸವೇ ವ್ಯರ್ಥ. ಬಿಚ್ಚಿದ ತಂತಿಯನ್ನೇ ಮತ್ತೆ ಹಾಕುವ ಚಾಳಿಯೂ ಉಂಟು. ಇವೆಲ್ಲವೂ ಪುಸ್ತಕದಲ್ಲಿವೆ, ಪರೀಕ್ಷೆಯಲ್ಲಿ ಕೇಳಿದರೆ ಎಲ್ಲರೂ ಸರಿ ಉತ್ತರ ಗುರುತಿಸುತ್ತಾರೆ. ಆದರೆ ಕೈಗೆ ಅಂದಾಜು ಸಿಗುವುದು ಹತ್ತಿಪ್ಪತ್ತು ಜೋಡಿ ಹಾಕಿ, ಕತ್ತರಿಸಿ, ಮತ್ತೆ ಹಾಕಿದ ಮೇಲೆ. 12 ನಿಮಿಷದಲ್ಲಿ ಒಂದು ಜೋಡಿ ಮುಗಿದರೆ ಹೆಚ್ಚು.

ಟಾರ್ಕ್ ರೆಂಚಿನ ವಿಷಯದಲ್ಲಿ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಇಕ್ಕಟ್ಟಿನ ಜಾಗದಲ್ಲಿ ರೆಂಚಿನ ತುದಿಗೆ ಕ್ರೋಫುಟ್ ಅಡಾಪ್ಟರ್ ಸಿಕ್ಕಿಸುತ್ತಾರೆ. ಅದು ರೆಂಚಿನ ನೇರಕ್ಕೇ ಮುಂದೆ ಚಾಚಿಕೊಂಡಿದ್ದರೆ ಲೀವರ್ ಉದ್ದವಾಗುತ್ತದೆ, ರೆಂಚು ತೋರಿಸುವುದಕ್ಕಿಂತ ಹೆಚ್ಚು ಟಾರ್ಕ್ ನಟ್ಟಿಗೆ ಬೀಳುತ್ತದೆ. ರೆಂಚಿನ ಉದ್ದ 10 ಇಂಚು, ಅಡಾಪ್ಟರ್ 2.5 ಇಂಚು, ಬೇಕಾದದ್ದು 100 ಇಂಚು-ಪೌಂಡ್ ಎಂದಿಟ್ಟುಕೊಳ್ಳಿ. 100ನ್ನು 10ರಿಂದ ಗುಣಿಸಿ 12.5ರಿಂದ ಭಾಗಿಸಿದರೆ 80. ರೆಂಚನ್ನು ಇಡಬೇಕಾದದ್ದು 80ಕ್ಕೆ. 100ಕ್ಕೇ ಇಟ್ಟರೆ ನಟ್ಟು 125ಕ್ಕೆ ಬಿಗಿಯುತ್ತದೆ, ಕಾಲುಭಾಗ ಹೆಚ್ಚು. ಅಡಾಪ್ಟರನ್ನು 90 ಡಿಗ್ರಿಗೆ ತಿರುಗಿಸಿ ಹಾಕಿದರೆ ಈ ತಿದ್ದುಪಡಿಯೇ ಬೇಡ. ಹೀಗೆ ಬಿಗಿದ ನಟ್ಟು ಹೊರಗಿನಿಂದ ನೋಡಲು ಸರಿಯಾಗೇ ಇರುತ್ತದೆ. ಸೂತ್ರ ಬರೆದು ಅಂಕ ಪಡೆದವನು ಹ್ಯಾಂಗರಿನಲ್ಲಿ ಅಡಾಪ್ಟರ್ ಕೈಗೆ ಬಂದಾಗ ಆ ಸೂತ್ರವನ್ನು ನೆನೆಯುತ್ತಾನೆಯೇ ಎನ್ನುವುದನ್ನು ಕಂಡುಕೊಳ್ಳಲು ಅವನಿಗೆ ಅಡಾಪ್ಟರ್ ಕೊಟ್ಟು ನೋಡುವುದೊಂದೇ ದಾರಿ.

ರಿವೆಟ್ ಹೊಡೆಯುವುದಕ್ಕೂ ಇದೇ ಮಾತು. 1/8 ಇಂಚಿನ ರಿವೆಟ್ಟಿಗೆ 30ನೇ ನಂಬರಿನ ಡ್ರಿಲ್. ರಿವೆಟ್ಟಿನ ಉದ್ದ ತಗಡುಗಳ ಒಟ್ಟು ದಪ್ಪಕ್ಕೆ ವ್ಯಾಸದ ಒಂದೂವರೆ ಪಟ್ಟು ಸೇರಿಸಿದಷ್ಟು. ಹೊಡೆದ ಮೇಲೆ ಹಿಂಬದಿಯ ತಲೆ ವ್ಯಾಸದ ಒಂದೂವರೆ ಪಟ್ಟು ಅಗಲ, ಅರ್ಧದಷ್ಟು ಎತ್ತರ ಇರಬೇಕು. ಅಂದರೆ 3/16 ಇಂಚು ಅಗಲ, 1/16 ಇಂಚು ಎತ್ತರ. ತಗಡಿನ ಅಂಚಿನಿಂದ ರಂಧ್ರದ ಮಧ್ಯಕ್ಕೆ ಕನಿಷ್ಠ ವ್ಯಾಸದ ಎರಡು ಪಟ್ಟು. ಡ್ರಿಲ್ ಮಾಡಿದ ಮೇಲೆ ಎರಡೂ ತಗಡು ಬಿಡಿಸಿ ರಂಧ್ರದ ಅಂಚಿನಲ್ಲಿ ಎದ್ದ ಚೂಪು ಚೂರುಗಳನ್ನು ತೆಗೆಯದಿದ್ದರೆ ನಡುವೆ ಚೂರು ಸಿಕ್ಕಿಕೊಂಡು ರಿವೆಟ್ಟು ತಗಡುಗಳ ಮಧ್ಯೆಯೇ ಉಬ್ಬುತ್ತದೆ. ಹಿಂಬದಿಯಲ್ಲಿ ಒತ್ತಿ ಹಿಡಿಯುವ ಬಕ್ಕಿಂಗ್ ಬಾರ್ ಸ್ವಲ್ಪ ವಾಲಿದರೂ ತಲೆ ಒಂದು ಪಕ್ಕಕ್ಕೆ ಮಲಗುತ್ತದೆ. ಕೆಟ್ಟ ರಿವೆಟ್ಟನ್ನು ತೆಗೆಯುವಾಗ ರಂಧ್ರ ಹಿಗ್ಗಿದರೆ ಮುಂದಿನ ಸೈಜಿಗೆ ಹೋಗಬೇಕು, ಆಗ ಅಂಚಿನ ಅಂತರ ಸಾಲದೆ ಬರಬಹುದು. ಒಂದು ತಪ್ಪು ಇನ್ನೊಂದನ್ನು ಎಳೆದು ತರುವ ಕೆಲಸವಿದು.

ಇದು ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ 1985ರ ಆಗಸ್ಟ್ 12ರ ಜಪಾನ್ ಏರ್‌ಲೈನ್ಸ್ 123 ದುರಂತವಿದೆ. 1978ರಲ್ಲಿ ಬಾಲ ನೆಲಕ್ಕೆ ಬಡಿದ ಆ ಬೋಯಿಂಗ್ 747ರ ಹಿಂಬದಿಯ ಪ್ರೆಷರ್ ಬಲ್ಕ್‌ಹೆಡ್ (ಒಳಗಿನ ಗಾಳಿಯ ಒತ್ತಡ ತಡೆಯುವ ಗೋಡೆ) ರಿಪೇರಿಯಲ್ಲಿ ಒಂದೇ ತುಂಡಿನ ಸ್ಪ್ಲೈಸ್ ಪ್ಲೇಟ್ (ಜೋಡಿಸುವ ತಗಡು) ಹಾಕಬೇಕಿತ್ತು. ಅದನ್ನು ಎರಡು ತುಂಡಾಗಿ ಹಾಕಿದ್ದರಿಂದ ಎರಡು ಸಾಲು ರಿವೆಟ್ಟು ಹೊರಬೇಕಿದ್ದ ಭಾರ ಒಂದೇ ಸಾಲಿನ ಮೇಲೆ ಬಿತ್ತು. ಏಳು ವರ್ಷ ಹಾರಿದ ಮೇಲೆ ಅದು ಒಡೆಯಿತು, 520 ಜನ ಸತ್ತರು. 1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸ್‌ನ ಬಿಎಸಿ ಒನ್-ಇಲೆವೆನ್ ವಿಮಾನದ ಮುಂದಿನ ಗಾಜು ಹಾರುವಾಗಲೇ ಕಿತ್ತುಹೋಗಿ ಕ್ಯಾಪ್ಟನ್ನರ ಅರ್ಧ ದೇಹ ಹೊರಗೆ ಸೆಳೆದುಹೋಯಿತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಗಾಜು ಕೂರಿಸಿದ 90 ಬೋಲ್ಟುಗಳಲ್ಲಿ 84ರ ವ್ಯಾಸ 0.026 ಇಂಚು ಕಡಿಮೆ ಇತ್ತು, ಮಿಲಿಮೀಟರಿನ ಮೂರನೇ ಎರಡರಷ್ಟು. ಪಾರ್ಟ್ಸ್ ಕ್ಯಾಟಲಾಗ್ ತೆರೆದು ನಂಬರ್ ನೋಡದೆ, ಹಳೆಯ ಬೋಲ್ಟಿನ ಪಕ್ಕ ಹಿಡಿದು ಕಣ್ಣಳತೆಯಲ್ಲಿ ಆರಿಸಿದ್ದರ ಫಲ. ಆ ಕೆಲಸ ಮಾಡಿದ್ದು ಅನುಭವಿಯೇ. ಕ್ಯಾಟಲಾಗ್ ತೆರೆಯುವುದು ಅಭ್ಯಾಸವಾಗಬೇಕು, ಅದು ಅಭ್ಯಾಸವಾಗುವುದು ಶಾಲೆಯಲ್ಲಿ ಪ್ರತಿ ಬಿಡಿಭಾಗಕ್ಕೂ ನಂಬರ್ ಹುಡುಕಿಸಿ, ಆ ಪುಟ ಈ ವಿಮಾನಕ್ಕೆ ಅನ್ವಯಿಸುತ್ತದೆಯೇ ಎಂದು ಪ್ರತಿ ಸಲ ಕೇಳಿದಾಗ.

ಇನ್ನು ಪರೀಕ್ಷೆ. ಮೂರು ಆಯ್ಕೆಗಳ ಪ್ರಶ್ನೆ, ಒಂದಕ್ಕೆ ಸರಾಸರಿ 75 ಸೆಕೆಂಡು, ಪಾಸಾಗಲು ಶೇ 75. ಕಠಿಣವೆಂದು ಕಾಣುತ್ತದೆ. 80 ಪ್ರಶ್ನೆಗಳ ಪತ್ರಿಕೆಯಲ್ಲಿ 50ಕ್ಕೆ ಮಾತ್ರ ನಿಜವಾಗಿ ಉತ್ತರ ಗೊತ್ತಿರುವ ವಿದ್ಯಾರ್ಥಿ ಉಳಿದ 30ಕ್ಕೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ 10 ಸರಿಯಾಗುತ್ತವೆ. ಒಟ್ಟು 60, ಸರಿಯಾಗಿ ಶೇ 75. ಜೊತೆಗೆ ಹಳೆಯ ಪ್ರಶ್ನೆಗಳ ಸಂಗ್ರಹವನ್ನು ಬಾಯಿಪಾಠ ಮಾಡುವುದು ಎಲ್ಲೆಡೆ ನಡೆದೇ ಇದೆ. ಬರವಣಿಗೆಯ ಪರೀಕ್ಷೆ ಬೇಡ ಎನ್ನುತ್ತಿಲ್ಲ. ಆದರೆ ಅದು ಕೈಕೆಲಸದ ಸಾಕ್ಷಿಯಾಗದು, ಅದನ್ನು ಆ ಜಾಗದಲ್ಲಿ ಕೂರಿಸಬಾರದು.

ಅಮೆರಿಕದ ಬದಲಾವಣೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಲೇಬೇಕು. ‘ಗಂಟೆಯ ಲೆಕ್ಕ ತೆಗೆದುಬಿಡಿ, ಅಲ್ಲಿ ತೆಗೆದಿದ್ದಾರಲ್ಲ’ ಎಂಬ ವಾದ ಇಲ್ಲೂ ಏಳುತ್ತದೆ. ಅಲ್ಲಿನ ಪಾರ್ಟ್ 147 ಜಾರಿಗೆ ಬಂದದ್ದು 1962ರಲ್ಲಿ. ಏರ್‌ಫ್ರೇಮ್ (ವಿಮಾನದ ಒಡಲು), ಪವರ್‌ಪ್ಲಾಂಟ್ (ಎಂಜಿನ್) ಎರಡೂ ಸೇರಿ 1900 ಗಂಟೆ: ಸಾಮಾನ್ಯ ವಿಷಯಕ್ಕೆ 400, ಉಳಿದೆರಡಕ್ಕೆ ತಲಾ 750. ಮರದ ರಚನೆ, ಬಟ್ಟೆಯ ಹೊದಿಕೆಗಳು ಪಠ್ಯದಲ್ಲಿ ಖಾಯಂ ಜಾಗ ಹಿಡಿದು ಕೂತಿದ್ದವು. 2020ರ ಡಿಸೆಂಬರಿನಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ, ಇದನ್ನು ಬದಲಿಸಿ ಎಂದು ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಎಫ್‌ಎಎಗೆ ಆದೇಶಿಸಿತು. 2022ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂತು. ಗಂಟೆಗಳ ಕಡ್ಡಾಯ ಹೋಯಿತು. ಶಾಲೆಯ ಪಠ್ಯಕ್ರಮ ಮೆಕ್ಯಾನಿಕ್ ಪರೀಕ್ಷೆಯ ಮಾನದಂಡಕ್ಕೆ ಹೊಂದಬೇಕು ಎಂಬುದೇ ಮುಖ್ಯ ಶರತ್ತಾಯಿತು. ಆ ಮಾನದಂಡ ಪ್ರತಿ ವಿಷಯದಲ್ಲೂ ತಿಳಿದಿರಬೇಕಾದದ್ದು, ಅಪಾಯ ಗುರುತಿಸುವುದು, ಕೈಯಲ್ಲಿ ಮಾಡಿ ತೋರಿಸಬೇಕಾದದ್ದು ಎಂದು ಮೂರು ಭಾಗ ಮಾಡುತ್ತದೆ. 2023ರ ಆಗಸ್ಟ್ 1ರಿಂದ ಪರೀಕ್ಷೆ ನಡೆಯುತ್ತಿರುವುದೂ ಅದರಂತೆಯೇ.

ಇದರಲ್ಲಿ ನಾವು ಮೆಚ್ಚುವುದು ಬಹಳ ಇದೆ. ಆದರೆ ಅಲ್ಲಿ ಗಂಟೆ ತೆಗೆದದ್ದು ಏನನ್ನು ನಂಬಿ ಎಂದು ನೋಡಬೇಕು. ಅಲ್ಲಿ ಶಾಲೆ ಮುಗಿಸಿದವನು ಬರವಣಿಗೆಯ ಪರೀಕ್ಷೆಯ ಜೊತೆಗೆ ಎಫ್‌ಎಎ ನೇಮಿಸಿದ ಪರೀಕ್ಷಕರ ಎದುರು ಮೌಖಿಕ ಪರೀಕ್ಷೆ ಕೊಡಬೇಕು, ಕೆಲಸವನ್ನು ಮಾಡಿಯೂ ತೋರಿಸಬೇಕು. ಶಾಲೆಯ ಫಲಿತಾಂಶಕ್ಕೂ ಮಿತಿ ಇದೆ: ಕೋರ್ಸ್ ಮುಗಿದ 60 ದಿನಗಳೊಳಗೆ ಪರೀಕ್ಷೆ ಬರೆದವರಲ್ಲಿ, ಮೂರು ವರ್ಷದ ಲೆಕ್ಕದಲ್ಲಿ, ಶೇ 70 ಮಂದಿ ಪಾಸಾಗಿರಬೇಕು. ಹೊರಗಿನ ಪರೀಕ್ಷಕ ಇರುವುದರಿಂದ ಶಾಲೆಯ ಒಳಗಿನ ಗಂಟೆಗಳ ಮೇಲೆ ಕಣ್ಣಿಡುವ ಅಗತ್ಯ ಅಲ್ಲಿ ಕಡಿಮೆ. ನಮ್ಮಲ್ಲಿ ಕಲಿಸುವುದೂ ಶಾಲೆ, ಪ್ರಾಕ್ಟಿಕಲ್ ಅಳೆಯುವುದೂ ಶಾಲೆ. ಹೊರಗಿನ ಪರೀಕ್ಷಕರನ್ನು ತಾರದೆ ಗಂಟೆ ಮಾತ್ರ ತೆಗೆದರೆ ಈಗಿರುವ 12 ನಿಮಿಷವೂ ಉಳಿಯುವುದಿಲ್ಲ. ಹಾಗಾಗಿ ಗಂಟೆಯ ಕನಿಷ್ಠ ಮಿತಿ ಸದ್ಯಕ್ಕೆ ಇರಲಿ. ಅದರ ಮೇಲೆ ಕೆಲಸದ ಲೆಕ್ಕ ಬರಲಿ, ಹೊರಗಿನ ಪರೀಕ್ಷೆ ಬರಲಿ. ಅವೆರಡೂ ಗಟ್ಟಿಯಾದ ಮೇಲೆ ಗಂಟೆಯ ಮಾತು.

ಯುರೋಪಿನ ಪರಿಷ್ಕರಣೆ ದೂರಶಿಕ್ಷಣಕ್ಕೂ ದಾರಿ ಮಾಡಿದೆ. ಥಿಯರಿಗೆ ಅದು ಬಂದರೆ ನಮ್ಮ ತಕರಾರಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಮಾಡಿದ ‘ವರ್ಚುವಲ್’ ಬಿಚ್ಚುವಿಕೆ, ಜೋಡಣೆಗಳು ಮಾತ್ರ ಪ್ರಾಕ್ಟಿಕಲ್ ಗಂಟೆಯಲ್ಲಿ ಒಂದು ನಿಮಿಷವೂ ಸೇರಬಾರದು. ಬೋಲ್ಟಿನ ಮರೆ ಅಡ್ಡ ಹತ್ತಿದ್ದು ಬೆರಳಿಗೆ ತಿಳಿಯುತ್ತದೆಯೇ ಹೊರತು ಮೌಸಿಗಲ್ಲ.

ಹಾಗಾದರೆ ಕೆಲಸದ ಲೆಕ್ಕ ಹೇಗಿರಬೇಕು? ಪ್ರತಿ ವಿಭಾಗಕ್ಕೂ ಡಿಜಿಸಿಎಯೇ ಒಂದು ಕೆಲಸಗಳ ಪಟ್ಟಿ ಹೊರಡಿಸಲಿ. ಪ್ರತಿ ಕೆಲಸಕ್ಕೂ ಒಬ್ಬ ವಿದ್ಯಾರ್ಥಿ ಕನಿಷ್ಠ ಎಷ್ಟು ಸಲ ಮಾಡಬೇಕು ಎಂಬ ಸಂಖ್ಯೆ ಇರಲಿ. ಬಿ1ಗೆ ನಾವು ಸೂಚಿಸುವ ಕೆಲವು: ಲಾಕ್‌ವೈರ್ 20 ಜೋಡಿ, ಅದರಲ್ಲಿ ಐದಾದರೂ ಕೈ ಮಾತ್ರ ತೂರುವ, ಕನ್ನಡಿಯಲ್ಲಿ ನೋಡಿಕೊಂಡು ಮಾಡುವ ಜಾಗದಲ್ಲಿ, ಗಟ್ಟಿ ರಿವೆಟ್ಟು 60, ಅದರಲ್ಲಿ 10 ತೆಗೆದು ಮತ್ತೆ ಹೊಡೆದದ್ದು, ಅಡಾಪ್ಟರ್ ಸಹಿತ ಟಾರ್ಕ್ 10, ಚಕ್ರ ಬದಲಾವಣೆ 3, ಬೋರೋಸ್ಕೋಪ್ (ಎಂಜಿನ್ನಿನ ಒಳಕ್ಕೆ ತೂರಿಸಿ ನೋಡುವ ನಳಿಕೆ) ತಪಾಸಣೆ 3, ಕ್ಯಾಟಲಾಗಿನಿಂದ ಬಿಡಿಭಾಗದ ನಂಬರ್ ಹುಡುಕುವುದು 25, ವಿಮಾನದ ದೋಷಗಳ ದಾಖಲೆಯಾದ ಟೆಕ್ ಲಾಗ್‌ನಲ್ಲಿ ದೋಷ ಬರೆದು ಪರಿಹಾರ ನಮೂದಿಸುವುದು 25. ಈ ಕೊನೆಯದನ್ನು ಶಾಲೆಗಳು ತೀರ ಹಗುರವಾಗಿ ನೋಡುತ್ತವೆ. ‘ಪರೀಕ್ಷಿಸಲಾಯಿತು, ಸರಿ ಇದೆ’ ಎಂದು ಬರೆಯುವುದನ್ನು ಕಲಿತು ಬಂದವನಿಗೆ ಮ್ಯಾನ್ಯುವಲ್‌ನ ಯಾವ ಟಾಸ್ಕ್, ಯಾವ ರಿವಿಷನ್, ಬದಲಿಸಿದ ಭಾಗದ ಸೀರಿಯಲ್ ನಂಬರ್, ಬಳಸಿದ ಟೂಲಿನ ಕ್ಯಾಲಿಬ್ರೇಷನ್ ದಿನಾಂಕ ಬರೆಸುವಷ್ಟರಲ್ಲಿ ಹ್ಯಾಂಗರಿನವರಿಗೆ ಸಾಕಾಗುತ್ತದೆ.

ನಮೂದು ಹೇಗಿರಬೇಕು ಎನ್ನುವುದೂ ಮುಖ್ಯ. ದಿನಾಂಕ, ಕೆಲಸ, ಯಾವ ಸ್ಟ್ಯಾಂಡ್ ಅಥವಾ ಭಾಗದ ಮೇಲೆ, ಯಾವ ಟೂಲ್ ನಂಬರಿನಿಂದ. ನೋಡಿದ್ದೋ, ಸಹಾಯದಿಂದ ಮಾಡಿದ್ದೋ, ಒಬ್ಬನೇ ಮಾಡಿದ್ದೋ. ತಿರಸ್ಕೃತವಾಗಿದ್ದರೆ ಕಾರಣವೇನು. ಮೇಲ್ವಿಚಾರಕರ ಸಹಿ, ಅನುಮತಿ ಸಂಖ್ಯೆ. ತಿರಸ್ಕಾರದ ಕಾಲಂ ಖಾಲಿಯೇ ಇರುವ ಲಾಗ್‌ಬುಕ್ ಕಂಡರೆ ತಮ್ಮ ಇನ್‌ಸ್ಪೆಕ್ಟರುಗಳು ಮೊದಲು ಅದನ್ನೇ ಎತ್ತಿಕೊಳ್ಳಲಿ. ಮೊದಲ ಸಲಕ್ಕೇ ಎಲ್ಲರೂ ಎಲ್ಲವನ್ನೂ ಸರಿಯಾಗಿ ಮಾಡುವ ಶಾಲೆ ಎಲ್ಲೂ ಇಲ್ಲ. ಬರವಣಿಗೆಗಿಂತ ಗಟ್ಟಿ ಸಾಕ್ಷಿ ಮಾಡಿದ ವಸ್ತುವೇ. ವಿದ್ಯಾರ್ಥಿಯ ರಿವೆಟ್ ಪ್ಲೇಟ್, ಲಾಕ್‌ವೈರ್ ಬ್ಲಾಕ್, ಕ್ರಿಂಪ್ ಮಾಡಿದ ಹಾರ್ನೆಸ್ ಇವಕ್ಕೆ ನಂಬರ್ ಹೊಡೆದು ಕೋರ್ಸ್ ಮುಗಿದ ಮೇಲೂ ಎರಡು ವರ್ಷ ಶಾಲೆಯಲ್ಲಿಡಬೇಕು. ಒಂದು ಕಪಾಟಿನ ಖರ್ಚು. ಆಡಿಟ್‌ಗೆ ಬಂದವರು ಯಾವುದಾದರೂ ಐದನ್ನು ತೆಗೆದು ಗೇಜ್ ಹಿಡಿದರೆ ಆ ಶಾಲೆಯ ನಿಜ ಸ್ಥಿತಿ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಒಬ್ಬ ಮೇಲ್ವಿಚಾರಕರಿಗೆ 15 ಎಂಬ ಮಿತಿ ಇರಲಿ, ಜೊತೆಗೆ ಒಂದು ಕೆಲಸದ ಜಾಗಕ್ಕೆ ಮೂವರಿಗಿಂತ ಹೆಚ್ಚು ನಿಲ್ಲಬಾರದು ಎಂದೂ ಬರೆಯಿರಿ. ಒಬ್ಬ ಮಾಡುವುದು, ಒಬ್ಬ ಟೂಲ್ ಕೊಡುತ್ತ ಮ್ಯಾನ್ಯುವಲ್ ಓದುವುದು, ಒಬ್ಬ ತಪಾಸಣೆ ಮಾಡುವುದು; ಮೂರೂ ಕಲಿಕೆಯೇ. ನಾಲ್ಕನೆಯವನಿಗೆ ಅಲ್ಲಿ ಕೆಲಸವಿಲ್ಲ.

ಇದಕ್ಕೆ ಸಲಕರಣೆ ಬೇಕು, ಅದೂ ಇಂದಿನ ವಿಮಾನಕ್ಕೆ ಹೊಂದುವಂಥದ್ದು. ನಮ್ಮಲ್ಲಿ ಹಾರುವುದರ ದೊಡ್ಡ ಪಾಲು ಎ320 ಕುಟುಂಬದ್ದು. ಬೋಯಿಂಗ್ 787ರ ತೂಕದಲ್ಲಿ ಅರ್ಧದಷ್ಟು ಕಾಂಪೊಸಿಟ್ (ನಾರು ಮತ್ತು ರಾಳ ಸೇರಿಸಿ ಮಾಡಿದ ವಸ್ತು). ಹಳೆಯ ಲೋಹದ ಪಿಸ್ಟನ್ ವಿಮಾನವೊಂದನ್ನೇ ಮುಂದಿಟ್ಟುಕೊಂಡು ಇವನ್ನು ಕಲಿಸಲಾಗದು. ಕಾಂಪೊಸಿಟ್ ಬೆಂಚೆಂದರೆ ಪ್ರಿಪ್ರೆಗ್ (ಮೊದಲೇ ರಾಳ ಹೀರಿಸಿದ ನಾರಿನ ಹಾಳೆ) ಇಡಲು ಮೈನಸ್ 18 ಡಿಗ್ರಿಯ ಫ್ರೀಜರ್, ಹೊರಗೆ ತೆಗೆದ ಪ್ರತಿ ಗಂಟೆ ಬರೆಯುವ ರಿಜಿಸ್ಟರ್, ವ್ಯಾಕ್ಯೂಮ್ ಪಂಪು, ಬ್ಯಾಗಿಂಗ್ ಸಾಮಗ್ರಿ, ಬಿಸಿ ಕೊಟ್ಟು ಗಟ್ಟಿಯಾಗಿಸುವ ಹಾಟ್ ಬಾಂಡರ್, ತಾಪಮಾನ ಅಳೆಯುವ ಥರ್ಮೋಕಪಲ್. ಪ್ರಿಪ್ರೆಗ್ಗನ್ನು ಫ್ರೀಜರಿನಿಂದ ತೆಗೆದ ಕೂಡಲೇ ಕವರ್ ಬಿಚ್ಚಿದರೆ ಮೇಲೆ ತೇವ ಕೂರುತ್ತದೆ, ಬಿಸಿ ಮಾಡಿದಾಗ ಆ ತೇವ ಗುಳ್ಳೆಯಾಗುತ್ತದೆ. ಕೋಣೆಯ ತಾಪಮಾನಕ್ಕೆ ಬರುವವರೆಗೆ ಸೀಲ್ ಒಡೆಯಬಾರದು ಎಂಬ ಒಂದು ಸಾಲಿನ ಪಾಠವನ್ನು ಒಮ್ಮೆ ಕೆಡಿಸಿ ತೋರಿಸಿದರೆ ಯಾರೂ ಮರೆಯುವುದಿಲ್ಲ. ಬಿ2ಗೆ ವಿಮಾನದ ಉಪಕರಣಗಳ ನಡುವೆ ಮಾಹಿತಿ ಸಾಗಿಸುವ ಆರಿಂಕ್ 429 ಬಸ್‌ನ ಒಂದು ಸಣ್ಣ ಮಾದರಿ ಸಾಕು: ಹೆಣೆದ ಜೋಡಿ ತಂತಿ, ಒಂದು ಟ್ರಾನ್ಸ್‌ಮಿಟರ್, ಎರಡು ರಿಸೀವರ್, 32 ಬಿಟ್‌ನ ಪದಗಳನ್ನು ಓದಿ ತೋರಿಸುವ ಅನಲೈಸರ್. ಅದರಲ್ಲಿ ಬೋಧಕರು ಬೇಕೆಂದೇ ದೋಷ ಹೂಡಬೇಕು: ಶೀಲ್ಡಿನ ಗ್ರೌಂಡ್ ಬಿಡಿಸುವುದು, ಎರಡು ತಂತಿ ಅದಲುಬದಲು, ಕನೆಕ್ಟರಿನಲ್ಲಿ ಪೂರ್ತಿ ಕೂರದೆ ಹಿಂದೆ ಸರಿದ ಪಿನ್. ಈ ಕೊನೆಯದು ನೆಲದ ಮೇಲೆ ಪರೀಕ್ಷೆಯಲ್ಲಿ ಪಾಸಾಗಿ ಕಂಪನ ಬಂದಾಗ ಮಾತ್ರ ತಲೆದೋರುತ್ತದೆ. ಹಾಗಾಗಿ ಪ್ರತಿ ಪಿನ್ನನ್ನೂ ಮೆಲ್ಲಗೆ ಎಳೆದು ನೋಡುವುದು ಕೈಗೆ ರೂಢಿಯಾಗಬೇಕು.

ಇದು ದುಬಾರಿ ಎಂದು ಶಾಲೆಗಳು ಹೇಳುತ್ತವೆ, ನಿಜ. ಖರ್ಚು ತಗ್ಗಿಸುವ ದಾರಿ ತಮ್ಮ ಕೈಯಲ್ಲೇ ಇದೆ. ಆಯುಸ್ಸು ಮುಗಿದ ಅಥವಾ ರಿಪೇರಿಯಾಗದ ಬಿಡಿಭಾಗಗಳನ್ನು ವಿಮಾನ ಕಂಪನಿಗಳು, ರಿಪೇರಿ ಸಂಸ್ಥೆಗಳು ಶಾಲೆಗಳಿಗೆ ಕೊಡಲು ಸ್ಪಷ್ಟ ವಿಧಾನ ಮಾಡಿಕೊಡಿ. ಇವು ಮತ್ತೆ ಮಾರುಕಟ್ಟೆಗೆ ನುಸುಳಿ ಹಾರುವ ವಿಮಾನಕ್ಕೆ ಸೇರಿಬಿಟ್ಟರೆ ಎಂಬ ಭಯದಿಂದ ಈಗ ಜಜ್ಜಿ ಗುಜರಿಗೆ ಹಾಕುವುದೇ ಸುಲಭವಾಗಿದೆ. ಆ ಭಯ ಸಕಾರಣವಾದದ್ದು. ಡೇಟಾ ಪ್ಲೇಟ್ ತೆಗೆಯುವುದು, ಅಳಿಸಲಾಗದಂತೆ ‘ತರಬೇತಿಗೆ ಮಾತ್ರ’ ಎಂದು ಕೊರೆಯುವುದು, ಹಾರಾಟಕ್ಕೆ ಮುಖ್ಯವಾದ ಒಂದು ಭಾಗವನ್ನು ಕೆಡಿಸುವುದು, ಸೀರಿಯಲ್ ನಂಬರನ್ನು ಕೊಟ್ಟವರ ಮತ್ತು ಪಡೆದವರ ರಿಜಿಸ್ಟರಿನಲ್ಲಿ ಬರೆಯುವುದು, ಶಾಲೆಗೂ ಬೇಡವಾದಾಗ ಸಾಕ್ಷಿಯ ಎದುರು ನಾಶ ಮಾಡುವುದು, ಇಷ್ಟಿದ್ದರೆ ಸಾಕು.

ಪಠ್ಯಕ್ರಮ ಬದಲಾಗುವುದಾದರೆ ನಡುವೆ ಸಿಕ್ಕಿಕೊಳ್ಳುವವರ ಬಗ್ಗೆ ಮೊದಲೇ ಯೋಚಿಸಬೇಕು. ಅವರು ಮೂರು ಬಗೆ: ಕೋರ್ಸಿನ ಮಧ್ಯದಲ್ಲಿರುವವರು, ಕೋರ್ಸ್ ಮುಗಿಸಿ ಒಂದೆರಡು ಮಾಡ್ಯೂಲ್ (ಪರೀಕ್ಷೆಯ ವಿಷಯ ವಿಭಾಗ) ಬಾಕಿ ಇರುವವರು, ಎಲ್ಲ ಮಾಡ್ಯೂಲ್ ಮುಗಿಸಿ ಅನುಭವದ ಅವಧಿ ಪೂರೈಸುತ್ತಿರುವವರು. ಅನುಮೋದಿತ ಕೋರ್ಸ್ ಮಾಡಿದ ಬಿ1.1, ಬಿ2 ಅಭ್ಯರ್ಥಿಗೂ ಹಾರುವ ವಿಮಾನಗಳ ಮೇಲೆ ಎರಡು ವರ್ಷದ ಅನುಭವ ಬೇಕು, ಆ ಜಾಗ ಸಿಗುವುದೇ ಕಷ್ಟ. ಒಂದು ವಿಷಯ ಒಂದು ಮಾಡ್ಯೂಲಿನಿಂದ ಇನ್ನೊಂದಕ್ಕೆ ಹೋದರೆ, ಒಂದು ಮಾಡ್ಯೂಲನ್ನು ಹಳೆಯ ಪಠ್ಯದಲ್ಲಿ ಪಾಸು ಮಾಡಿ ಇನ್ನೊಂದನ್ನು ಹೊಸ ಪಠ್ಯದಲ್ಲಿ ಬರೆಯುವವನು ಆ ವಿಷಯವನ್ನು ಎರಡು ಸಲ ಓದಬೇಕಾಗುತ್ತದೆ, ಇಲ್ಲವೇ ಒಮ್ಮೆಯೂ ಓದದೆ ದಾಟಿಬಿಡುತ್ತಾನೆ. ಎರಡನೆಯದು ಅಪಾಯ. ಹೊಸ ನಿಯಮದ ಜೊತೆಗೇ, ವಿಷಯ ವಿಷಯಕ್ಕೂ ಹಳೆಯದು ಎಲ್ಲಿತ್ತು, ಹೊಸದು ಎಲ್ಲಿದೆ ಎಂದು ತೋರಿಸುವ ಹೋಲಿಕೆ ಪಟ್ಟಿ ಬರಬೇಕು. ಆರು ತಿಂಗಳ ನಂತರ ಬರುವ ಸುತ್ತೋಲೆಯಲ್ಲಿ ಅಲ್ಲ. ಸೇರಿದ ದಿನ ಯಾವ ಪಠ್ಯವಿತ್ತೋ ಅದರಲ್ಲೇ ಮುಗಿಸುವ ಹಕ್ಕು ವಿದ್ಯಾರ್ಥಿಗಿರಲಿ.

ಶಾಲೆಯ ಕಡೆಯಿಂದಲೂ ಒಂದು ತೊಡಕು. ಪಠ್ಯ ಬದಲಾದರೆ ಪ್ರತಿ ಶಾಲೆಯೂ ತನ್ನ ಕಾರ್ಯವಿಧಾನ ವಿವರಿಸುವ ಎಂಟಿಒಇ ಕೈಪಿಡಿ ತಿದ್ದಿ ತಮ್ಮ ಅನುಮೋದನೆಗೆ ಕಳಿಸಬೇಕು. ಬೋಧಕರ ಅನುಮತಿ ಇರುವುದು ಮಾಡ್ಯೂಲ್‌ವಾರು. ಮಾಡ್ಯೂಲ್ ಒಡೆದರೆ ಅಥವಾ ಕೂಡಿದರೆ ಅದೂ ಮತ್ತೆ ಆಗಬೇಕು. ಎಲ್ಲ ಶಾಲೆಗಳ ಕಡತಗಳು ಒಂದೇ ತಿಂಗಳು ಪ್ರಾದೇಶಿಕ ಕಚೇರಿಗೆ ಬಂದು ಬಿದ್ದರೆ ಹೊಸ ಬ್ಯಾಚ್‌ಗಳು ಕಾಯುತ್ತ ಕೂರುತ್ತವೆ. ಶಾಲೆಗಳನ್ನು ಗುಂಪು ಮಾಡಿ ಬೇರೆ ಬೇರೆ ತಿಂಗಳ ಗಡುವು ಕೊಡಿ, ಕಡತ ತಲುಪಿದ ಎಷ್ಟು ದಿನದಲ್ಲಿ ಉತ್ತರ ಎಂದು ನಿಯಮದಲ್ಲೇ ಬರೆಯಿರಿ. ಪ್ರಶ್ನೆಗಳ ಸಂಗ್ರಹವನ್ನೂ ಅದೇ ದಿನ ಬದಲಿಸಬೇಕು. ಪಠ್ಯದಿಂದ ಹೋದ ವಿಷಯದ ಪ್ರಶ್ನೆ ಪತ್ರಿಕೆಯಲ್ಲಿ ಉಳಿದರೆ ಶಾಲೆಗಳು ಹಳೆಯ ಪಾಠವನ್ನೇ ಹೇಳುತ್ತವೆ.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಗೆ ಬೇರೆ ಶಾಲೆಯ ಅಥವಾ ಸಿಎಆರ್-145 ಅನುಮೋದಿತ ನಿರ್ವಹಣಾ ಸಂಸ್ಥೆಯ ಲೈಸೆನ್ಸ್‌ದಾರ ಎಂಜಿನಿಯರನ್ನು ಡಿಜಿಸಿಎ ನೇಮಿಸಲಿ. ಪಟ್ಟಿಯಿಂದ ಅದೇ ದಿನ ಚೀಟಿ ಎತ್ತಿ ಐದು ಕೆಲಸ, ಮ್ಯಾನ್ಯುವಲ್ ಎದುರಿಗೆ ತೆರೆದಿಟ್ಟು. ನೆನಪಿನಿಂದ ಮಾಡುವವನಿಗೆ ಅಂಕ ಕಡಿಮೆಯಾಗಬೇಕು, ಹೆಚ್ಚಾಗಬಾರದು. ಫಲಿತಾಂಶವನ್ನು ಶಾಲೆವಾರು ಪ್ರಕಟಿಸಿ. ಅಮೆರಿಕದ ಹಾಗೆ ಪರೀಕ್ಷೆಗೆ ಕೂತವರಲ್ಲಿ ಪಾಸಾದವರ ಪ್ರಮಾಣ ಮಾತ್ರ ಕೊಟ್ಟರೆ ಸಾಲದು. ದುರ್ಬಲ ವಿದ್ಯಾರ್ಥಿಯನ್ನು ಪರೀಕ್ಷೆಗೇ ಕೂರಿಸದೆ ಶಾಲೆ ತನ್ನ ಅಂಕಿ ಚೆಂದ ಮಾಡಿಕೊಳ್ಳಬಹುದು. ಸೇರಿದವರು ಎಷ್ಟು, ಕೋರ್ಸ್ ಮುಗಿಸಿದವರು ಎಷ್ಟು, ಪರೀಕ್ಷೆ ಬರೆದವರು ಎಷ್ಟು, ಪಾಸಾದವರು ಎಷ್ಟು, ಮೂರು ವರ್ಷದೊಳಗೆ ಲೈಸೆನ್ಸ್ ಪಡೆದವರು ಎಷ್ಟು: ಐದೂ ಅಂಕಿಗಳು ಒಂದೇ ಸಾಲಿನಲ್ಲಿ ತಮ್ಮ ಜಾಲತಾಣದಲ್ಲಿರಲಿ. ಮಕ್ಕಳನ್ನು ಸೇರಿಸಲು ಹೊರಟ ತಂದೆತಾಯಿಗೆ ಈಗ ಸಿಗುವುದು ಶಾಲೆಯ ಜಾಹೀರಾತು ಮಾತ್ರ.

ಕರಡು ನಿಯಮ ಹೊರಟಾಗ ಹಳೆಯ ಮತ್ತು ಹೊಸ ಪಾಠಗಳನ್ನು ಅಕ್ಕಪಕ್ಕ ಅಚ್ಚು ಮಾಡಿ, ಅಭಿಪ್ರಾಯಕ್ಕೆ ಕನಿಷ್ಠ 60 ದಿನ ಕೊಡಬೇಕೆಂದು ಕೋರುತ್ತೇವೆ. ಬಿ1.1 ಮತ್ತು ಬಿ2 ವಿಭಾಗಗಳಿಗೆ ಕೆಲಸದ ಪಟ್ಟಿ, ಸಂಖ್ಯೆ, ಸ್ವೀಕಾರದ ಅಳತೆ ಮತ್ತು ಬೇಕಾದ ಸಲಕರಣೆಗಳ ಮೊದಲ ಕರಡನ್ನು ನಾವೇ ಸಿದ್ಧಪಡಿಸಿ ತಮ್ಮ ಕಚೇರಿಗೆ ಕಳಿಸುತ್ತೇವೆ. ಅದರಲ್ಲಿ ಯಾವ ಸಂಖ್ಯೆ ಹೆಚ್ಚಾಯಿತು, ಯಾವುದು ಕಡಿಮೆಯಾಯಿತು ಎಂದು ಬೇರೆ ರಾಜ್ಯಗಳ ಬೋಧಕರು, ಹ್ಯಾಂಗರಿನವರು ತಿದ್ದಲಿ.

ಇಂತಿ ತಮ್ಮ ವಿಶ್ವಾಸಿಗಳು,
ಕರ್ನಾಟಕದ ಕೆಲವು ವಿಮಾನ ನಿರ್ವಹಣಾ ಬೋಧಕರು ಮತ್ತು ಲೈಸೆನ್ಸ್‌ದಾರ ಎಂಜಿನಿಯರರು